ರದ್ದಾದ ಸೆಕ್ಷನ್

ಅರ್ಜಿಯನ್ನು ಇನ್ನೊಮ್ಮೆ ತೆರೆದು ನೋಡಲೇ, ಬೇಡವೇ? ಹೊಸದಾಗಿ ಸನ್ನದು ಪಡೆದ ವಕೀಲ ಕೋರ್ಟಿನಲ್ಲಿ ಅರ್ಜಿ ಸಲ್ಲಿಸುವ ಕಿಟಕಿಯ ಸಾಲಿನಲ್ಲಿ ಹೀಗೆ ಅನುಮಾನಿಸುತ್ತ ನಿಂತಿದ್ದ. ಮುಂದಿದ್ದವರು ಒಬ್ಬ ಹಿರಿಯ ವಕೀಲರು ಮತ್ತು ಅವರ ಜೂನಿಯರ್ ಆಗಿದ್ದ ಮಗಳು. ಅವರ ಜಾಮೀನು ಅರ್ಜಿಯನ್ನು ಗುಮಾಸ್ತ ಆಗಷ್ಟೇ ವಾಪಸು ಕೊಟ್ಟಿದ್ದ.

“ಅಪ್ಪಾ, ಆ ಕಾನೂನು ರದ್ದಾಗಿ ವರ್ಷ ಆಯ್ತು. ನೀವಿನ್ನೂ ಅದರ ಸೆಕ್ಷನ್ನೇ ಹಾಕಿದೀರಿ.”

“ಮೂವತ್ತು ವರ್ಷದ ಬಾಯಿಪಾಠ ಕಣಮ್ಮ. ನನ್ನ ನಾಲಿಗೆಗಿನ್ನೂ ತಿದ್ದುಪಡಿ ಬಂದಿಲ್ಲ.”

“ಮೊನ್ನೆ ವಕೀಲರ ಸಂಘದಲ್ಲಿ ಹೊಸ ಕಾನೂನಿನ ಬಗ್ಗೆ ಒಂದು ಗಂಟೆ ಭಾಷಣ ಹೊಡೆದ್ರಲ್ಲ!”

“ಬರೆದುಕೊಟ್ಟೋಳು ನೀನು. ನಾನು ಓದಿದೆ ಅಷ್ಟೆ, ಕೇಳಿಸ್ಕೊಳ್ಳಲಿಲ್ಲ.”

“ಇವತ್ತು ಸಲ್ಲಿಸದಿದ್ರೆ ನಮ್ಮ ಕಕ್ಷಿದಾರ ಸೋಮವಾರದವರೆಗೂ ಜೈಲಲ್ಲೇ.”

“ತಪ್ಪು ನಂದು, ಶಿಕ್ಷೆ ಅವನಿಗೆ. ಅವರಮ್ಮ ಬೇರೆ ನನಗೆ ಕೈಮುಗೀತಾಳೆ. ಬಾ, ಟೈಪಿಸ್ಟ್ ಊಟಕ್ಕೆ ಏಳೋ ಮುಂಚೆ ಹಿಡಿಯೋಣ.”

ಹಿಂದೆ ನಿಂತವನು ಮೆಲ್ಲಗೆ ಫೈಲು ತೆರೆದು ನೋಡಿ, ಮುಚ್ಚಿದ.

ಹೋಗುತ್ತ ಹಿರಿಯರು ಅವನತ್ತ ತಿರುಗಿದರು. “ನಿಮ್ಮಂಥ ಹೊಸಬರಿಗೆ ಈ ಗೋಳಿಲ್ಲ ಬಿಡಿ.”

ಅವನು ನಕ್ಕು ಸಾಲಿನಿಂದ ಸರಿದ. ತನ್ನ ಅರ್ಜಿಯಲ್ಲೂ ಅದೇ ಸೆಕ್ಷನ್ ಇದೆ, ಅದನ್ನು ಅವರದೇ ಹಳೆಯ ಅರ್ಜಿಯೊಂದರಿಂದ ಇಳಿಸಿಕೊಂಡಿದ್ದೇನೆ ಎಂದು ಅವನು ಅವರಿಗೆ ಹೇಳಲೇ ಇಲ್ಲ.