ಮಣ್ಣು ಹೊತ್ತು ನಡದದ್ದ ಸೀಮಿ

ಚಾ ಆಮ್ಯಾಲ ಕುಡೀತೇನ್ರಿ ಅಕ್ಕಾರ, ಮೊದ್ಲ ಹೂಂ ಅನ್ರಿ. ಗುಂಜಿಯಿಂದ ಮುಂಜಾನಿ ರೈಲಿಗೆ ಬಂದೇನಿ. ಈ ಮಹಾಂತೇಶ ನಗರದಾಗ ನಿಮ್ಮ ತಮ್ಮನ ಮನಿ ಹುಡುಕೂದ್ರಾಗ ಜೀವ ಹೋತು. ಯಾಕ್ರಿ ನಗ್ತೀರಿ? ಹೌದ್ರಿ, ಈ ಪಾಂಡುರಂಗ ಕೆಲಸಿದ್ರಷ್ಟ ಬರ್ತಾನ. ಖರೇ ಐತಿ, ನಗ್ರಿ.

ನಮ್ಮೂರಿಗೂ ಬಾಜೂ ಊರಿಗೂ ಸೀಮಿ ತಂಟೆ ಮತ್ತ ಎದ್ದೈತ್ರಿ. ನಾಳೆ ಎರಡೂ ಊರಾವ್ರು ಕೂಡ್ತಾರ. ಅವ್ರಂತಾರ, ದೇಸಾಯರ ಕಾಲದಿಂದ ಸೀಮಿ ಅಂದ್ರ ಹಳ್ಳ. ಹಳ್ಳ ದಾಟಿದ್ರ ಎಲ್ಲಾ ಅವ್ರ ಗಾಯರಾಣ, ದನಾ ಮೇಯೂ ಜಾಗಾ ಅಂತ. ನಾವಂತೀವಿ, ಹಳ್ಳ ಅಲ್ಲ, ಅದರಾಚಿ ಗುಡ್ಡ. ಹಳ್ಳಕ್ಕೂ ಗುಡ್ಡಕ್ಕೂ ನಡುವ ಏನೈತಿ ಹೇಳ್ರಿ... ನನ್ನ ಮನಿ ಐತ್ರಿ. ನನ್ನ ಭತ್ತದ ಗದ್ದಿ ಐತಿ. ಸೀಮಿ ಹಳ್ಳಕ್ಕ ನಿಂತ್ರ ಮನಿ ಕೆಡವತಾರ, ಅಕ್ಕಾರ... ಕೆಡವತಾರ.

ನಕಾಶಾನ? ಇಂಗ್ರೇಜರ ಕಾಲದ್ದೊಂದು ಹೇಳತೈತಿ, ಈಗಿಂದೊಂದು ಹೇಳತೈತಿ. ಅದಕ್ಕ ಹಿರ್ಯಾರು ಹಳೇ ಪದ್ಧತಿನ ಹಿಡದಾರ. ಬರಿಗಾಲಾಗ, ತಲಿಮ್ಯಾಲ ಸೀಮಿ ಮಣ್ಣು ಹೊತ್ತು ಒಬ್ರು ನಡೀಬೇಕು. ಅವ್ರು ನಡದದ್ದ ಸೀಮಿ. ಸುಳ್ಳು ನಡದ್ರ ಅವ್ರ ಮನಿ ಕುಡಿ ಉಳಿಯೂದಿಲ್ಲ ಅಂತ... ನಿಮಗ ಗೊತ್ತಿದ್ದದ್ದ.

ಗೌಡರ ಮನಿ ಸೊಸಿ ನೀವು. ಬಸವಣ್ಣೆವ್ವ ಅಂದ್ರ ನೀವ, ನೀವು ಗುಡ್ಡದ ಗುಂಟ ನಡದ್ರ ಆ ಊರಾವ್ರೂ ಚಕಾರ ಎತ್ತೂದಿಲ್ಲ. ಊರಿಗೆ ಹೋಗಾಕ ನಮ್ಮೂರ ರಾಮಲಿಂಗನ ಗಾಡಿ ಹೇಳೇನಿ. ಏರಿನ್ಯಾಗ ಕೈ ಹಿಡೀತೇನಿ. ಬಾಜೂಕ ನಾನ ಇರ್ತೇನಲ್ರಿ.

ಮೊಣಕಾಲು ನೋಯ್ತಾವೇನು? ನಿಧಾನಕ ಹೋಗೂಣು... ಅದಲ್ಲ? ಮತ್ಯಾಕ ಹಂಗ ನೋಡ್ತೀರಿ ನನ್ನ?

ನಾನ? ನಾ ಹೊರೂದಾ? ಹೊರಬಹುದಿತ್ರಿ... ಕಾಲು ಗಟ್ಟಿ ಅದಾವು, ಅಲ್ಲನ್ನಂಗಿಲ್ಲ. ಆದ್ರ ನಮ್ಮ ಮಗಳು ಶರ್ವರಿ ಬಾಣಂತನಕ್ಕ ಬಂದಾಳ. ದಿನಾ ತುಂಬ್ಯಾವು. ಅಂಥಾದ್ರಾಗ ನಾ ತಲಿಮ್ಯಾಲ ಮಣ್ಣು... ಬ್ಯಾಡ್ರಿ. ಹೆಣ್ಮಗಳು ಬಸರಿದ್ದಾಗ ತಂದಿ ಆಣಿ ಮಾಡಬಾರ್ದು.

ಬೈಯ್ರಿ ಬೇಕಾದ್ರ. ಅಕ್ಕಾರ, ಎದ್ದು ಎಲ್ಲಿಗೆ ಹೊಂಟ್ರಿ? ನಿಂದರ್ರಿ... ಊರಾಗ ಎಲ್ಲಾರ ಮನ್ಯಾಗೂ ಮಕ್ಕಳು ಮರಿ ಅದಾವು, ಯಾರ್ನ ಕೇಳ್ಲಿ ನಾ? ಯಾವ ಬಾಯಿಲೆ ಕೇಳ್ಲಿ? ನಿಮಗಾದ್ರ... ನಿಮಗಾದ್ರ ಹಿಂದ ಮುಂದ ಯಾರೂ...