ದ್ಯಾಮವ್ವನ ಗುಡಿಯ ಬೇವಿನ ದಿಮ್ಮಿ ಬಿದ್ದ ಬಗ್ಗೆ

ನಾನು ಕಲ್ಲೇಶ ತಂದೆ ಅಂದಪ್ಪ, ವಯಸ್ಸು 46 ವರ್ಷ, ಉದ್ಯೋಗ ಕಟ್ಟಿಗೆ ಕೊಯ್ಯುವುದು ಮತ್ತು ದಿಮ್ಮಿ ಎತ್ತುವ ಕೂಲಿ, ಸಾ: ಹನುಮಸಾಗರ, ತಾ: ಕುಷ್ಟಗಿ, ಜಿ: ಕೊಪ್ಪಳ. ನನ್ನ ತಂಗಿ ಲಲಿತಾ ಕೊಟ್ಟ ದೂರಿನ ಮೇರೆಗೆ ಠಾಣೆಗೆ ಕರೆಸಿದ್ದರಿಂದ, ಈ ದಿನ ಬೆಳಿಗ್ಗೆ 11 ಗಂಟೆಗೆ ಹಾಜರಾಗಿ ಹೇಳಿ ಬರೆಸುವುದೇನೆಂದರೆ,

ದಿಮ್ಮಿ ಎತ್ತಲು ನಾನೇ ಮಾಡಿದ ಒಂದು ಮುಕ್ಕಾಲಿ ಇದೆ. ಕೆಟ್ಟುಹೋದ ಬೋರ್‌ವೆಲ್ಲಿನ ಮೂರು ಪೈಪು, ಹಳೆ ಬಾವಿಗಳ ನಾಲ್ಕು ಗಡಗಡಿ ಎಂದರೆ ರಾಟೆ, ನಲವತ್ತು ಮೀಟರ್ ನೈಲಾನ್ ಹಗ್ಗ, ಇಷ್ಟೇ. ಹಗ್ಗವನ್ನು ನಾಲ್ಕೂ ಗಡಗಡಿಗಳಲ್ಲಿ ಪೋಣಿಸಿ ಐದು ಜನ ಜಗ್ಗಿದರೆ ಆರು ಕ್ವಿಂಟಲ್ ಏಳುತ್ತದೆ. ಕ್ರೇನ್ ಹೋಗದ ಸಂದಿಗೆ ಜನ ನನ್ನನ್ನೇ ಕರೆಯುತ್ತಾರೆ. ಹನ್ನೊಂದು ವರ್ಷದಲ್ಲಿ ಅದರ ಒಂದು ನಟ್ಟೂ ಸಡಿಲಾಗಿಲ್ಲ, ಆ ದಿನವೂ ಆಗಿರಲಿಲ್ಲ. ಇದನ್ನು ಮೊದಲೇ ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ, ಏಕೆಂದರೆ ಓಣಿಯಲ್ಲಿ ಎಲ್ಲರೂ ಮುಕ್ಕಾಲಿಯನ್ನೇ ಬೈಯುತ್ತಿದ್ದಾರೆ.

ನನ್ನ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಮುಕ್ಕಾಲಿಯಿಂದ ಹನ್ನೆರಡು ಅಡಿ ದೂರದಲ್ಲಿ ಒಂದು ಹಾರೆಯನ್ನು ನೆಲಕ್ಕೆ ಎರಡು ಅಡಿ ಹೊಡೆದಿರುತ್ತೇವೆ. ದಿಮ್ಮಿ ಬೇಕಾದಷ್ಟು ಮೇಲೆದ್ದ ಕೂಡಲೇ ಸಾಲಿನ ಕೊನೆಯವನು ಹಗ್ಗವನ್ನು ಆ ಹಾರೆಗೆ ಮೂರು ಸುತ್ತು ಸುತ್ತಬೇಕು. ಸುತ್ತಿದ ಮೇಲೆಯೇ ಉಳಿದವರು ಕೈ ಬಿಡಬೇಕು. ಕೊನೆಯವನು ಯಾವಾಗಲೂ ನಾನೇ.

ದಿನಾಂಕ 12.11.2024ರ ಮಂಗಳವಾರ ದ್ಯಾಮವ್ವನ ಗುಡಿ ಮುಂದೆ ಗಾಳಿಗೆ ಬಿದ್ದಿದ್ದ ಬೇವಿನ ಮರದ ದಿಮ್ಮಿಯನ್ನು ಟ್ರೇಲರ್‌ಗೆ ಹೇರಬೇಕಿತ್ತು. ಅದರಿಂದ ಗುಡಿಗೇ ಹೊಸ ಬಾಗಿಲು ಮಾಡಿಸುವುದೆಂದು ಊರವರು ಠರಾಯಿಸಿದ್ದರು. ದಿಮ್ಮಿಯ ಉದ್ದ ಹನ್ನೊಂದು ಅಡಿ, ಸುತ್ತಳತೆ ಐದು ಅಡಿ. ಬೆಳಿಗ್ಗೆ 9.10ಕ್ಕೆ ಪರೀಕ್ಷೆಗೆಂದು ಅರ್ಧ ಅಡಿ ಎತ್ತಿ, ಹಗ್ಗ ಹಾರೆಗೆ ಸುತ್ತಿ ನೋಡಿ, ಮತ್ತೆ ಇಳಿಸಿದೆವು. ಎಲ್ಲ ಸರಿ ಇತ್ತು. ಚಹಾ ಕುಡಿದೆವು.

9.40ಕ್ಕೆ ನಿಜವಾಗಿ ಎತ್ತಲು ಶುರು ಮಾಡಿದೆವು. ಹಗ್ಗಕ್ಕೆ ಮುಂದೆ ವಿರುಪಾಕ್ಷಿ, ಅವನ ಹಿಂದೆ ನಮ್ಮ ಓಣಿಯ ಮೂವರು, ಕೊನೆಗೆ ನಾನು. ಲಲಿತಾಳ ಗಂಡ ಹುಲಿಗೇಶ ದಿಮ್ಮಿ ತಿರುಗದಂತೆ ಅದರ ತುದಿ ಹಿಡಿದು ನಿಂತಿದ್ದ. ಟ್ರ್ಯಾಕ್ಟರ್ ಡ್ರೈವರ್ ಜಾವೇದ ನನ್ನ ಹಿಂದೆ ಆರು ಅಡಿ ದೂರದಲ್ಲಿ ಗಾಡಿಯ ಪಕ್ಕ ನಿಂತಿದ್ದ. ದಿಮ್ಮಿ ಮೂರು ಅಡಿ ಎದ್ದಾಗ ಪೂಜಾರಿ ಹುಲಗಮ್ಮ, "ನಿಂದ್ರಪ್ಪಾ, ತಾಯಿ ಮರ ನೆಲ ಬಿಟ್ಟೈತಿ, ಒಂದ್ ಕಾಯಿ ಒಡಿತೀನಿ" ಎಂದು ಕಾಯಿ ಒಡೆದು ಗಂಟೆ ಬಾರಿಸಿದಳು. ಅವಳದೇನೂ ತಪ್ಪಿಲ್ಲ. ನಮ್ಮ ಊರಲ್ಲಿ ಆ ಗಂಟೆ ಕೇಳಿದರೆ ಸೈಕಲ್ ಮೇಲೆ ಹೋಗುವವನೂ ಕಾಲೂರಿ ನಿಂತು ಕೈ ಮುಗಿಯುತ್ತಾನೆ. ಹುಟ್ಟಿದಾಗಿನಿಂದ ಬಂದ ರೂಢಿ, ಕೈ ಕೇಳುವುದಿಲ್ಲ.

ಮುಂದಿನ ನಾಲ್ವರೂ ಹಗ್ಗ ಬಿಟ್ಟು ಕೈ ಮುಗಿದರು. ನಾನು ಹಾರೆಗೆ ಸುತ್ತಿದ್ದೇನೆಂದು ತಿಳಿದು ಬಿಟ್ಟೆವೆಂದು ವಿರುಪಾಕ್ಷಿ ಹೇಳುತ್ತಾನೆ. ದಿಮ್ಮಿ ಬಿದ್ದು ಹುಲಿಗೇಶನ ಬಲಗಾಲು ಮೊಣಕಾಲಿನಿಂದ ಕೆಳಗೆ ಅದರಡಿ ಸಿಕ್ಕಿತು. ಅವನೂ ಕೈ ಮುಗಿದುಕೊಂಡೇ ಬಿದ್ದಿದ್ದ.

ನಾನು ಸುತ್ತಿದ್ದೆನೋ ಇಲ್ಲವೋ ಎಂದು ಸಾಹೇಬರು ನಾಲ್ಕು ಸಲ ಕೇಳಿದ್ದಾರೆ. ಸುತ್ತಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಒಂದು, ಎರಡು, ಮೂರು ಎಂದು ಎಣಿಸಿದ್ದೂ ನೆನಪಿದೆ. ಆದರೆ ಅದು 9.10ರದೋ 9.40ರದೋ ತಿಳಿಯುತ್ತಿಲ್ಲ. ಗುಡಿಯ ಒಳಗೆ ತಾಯಿಯ ಮುಖ ನೋಡಿದ್ದೂ ನೆನಪಿದೆ. ಹಾರೆಗೆ ಸುತ್ತಬೇಕಾದರೆ ಗುಡಿಗೆ ಬೆನ್ನು ಮಾಡಬೇಕು. ಎರಡೂ ಹೇಗೆ ಆಗುತ್ತದೆ ಎಂಬುದು ಎರಡು ರಾತ್ರಿ ಯೋಚಿಸಿದರೂ ಬಗೆಹರಿದಿಲ್ಲ. ತಲೆ ಕೆಟ್ಟುಹೋಗಿದೆ.

ಕೊಪ್ಪಳದ ಆಸ್ಪತ್ರೆಯಲ್ಲಿ ಲಲಿತಾ, "ಅಣ್ಣಾ, ಹಗ್ಗ ನಿನ್ನ ಕೈಯಾಗ ಇತ್ತಲ್ಲ? ಯಾಕ ಬಿಟ್ಟಿ?" ಎಂದು ಕೇಳಿದಳು. ನಾನು ಬಿಟ್ಟಿಲ್ಲ, ಹಾರೆಯಿಂದ ಜಾರಿರಬೇಕು ಎಂದು ಸಿಟ್ಟಿನಿಂದ ಹೇಳಿದೆ. ಹುಲಿಗೇಶ ಮಲಗಿದಲ್ಲಿಂದಲೇ, "ಮಾವ ಬಿಟ್ಟಿಲ್ಲ, ಹಗ್ಗ ತಾನ ಜಾರೇತಿ, ಹಂಗ ಬರೀರಿ" ಎಂದು ಅಲ್ಲಿದ್ದ ಪೊಲೀಸರಿಗೆ ಹೇಳಿದ. ಅವನು ಆಗ ಗುಡಿಯ ಕಡೆ ನೋಡುತ್ತಿದ್ದವನು, ಹಗ್ಗವನ್ನು ನೋಡಿಲ್ಲ. ಕಾಲು ಉಳಿಯುತ್ತದೆಯೇ ಎಂಬುದನ್ನು ಡಾಕ್ಟರು ಇನ್ನೂ ಹೇಳಿಲ್ಲ. ದಿಮ್ಮಿ ಪೂರ್ತಿ ಬಲದಿಂದ ಬಿದ್ದಿದ್ದರೆ ಅಲ್ಲೇ ಹೋಗುತ್ತಿತ್ತು ಎಂದಿದ್ದಾರೆ.

ಪೂರ್ತಿ ಬಲದಿಂದ ಏಕೆ ಬೀಳಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ವಾರ್ಡಿನಿಂದ ಹೊರಗೆ ಬಂದಾಗ ಬೆಂಚಿನ ಮೇಲೆ ಜಾವೇದ ಕುಳಿತಿದ್ದ. ಎರಡೂ ಕೈಗೆ ಮೊಣಕೈವರೆಗೆ ಪಟ್ಟಿ. ಅವನ ಹೆಂಡತಿ ನಾಹೀದಾ ರೊಟ್ಟಿ ಮುರಿದು ಅವನ ಬಾಯಿಗೆ ಇಡುತ್ತಿದ್ದಳು. ಓಡುತ್ತಿದ್ದ ಹಗ್ಗವನ್ನು ಅವನು ಹಾರಿ ಹಿಡಿದನಂತೆ, ಅದು ಅವನನ್ನು ಎರಡು ಮಾರು ಎಳೆದುಕೊಂಡು ಹೋಯಿತಂತೆ. ನನ್ನನ್ನು ಕಂಡು ಎದ್ದು ನಿಂತು, "ಕಲ್ಲೇಶಣ್ಣ, ನಿಮ್ಮ ಕೈಗೆ ಭಾಳ ಪೆಟ್ಟಾಗಿಲ್ಲಲ್ರಿ?" ಎಂದು ಕೇಳಿದ. ನಾನು ಕೈಗಳನ್ನು ಟವೆಲಿನೊಳಗೆ ಮುಚ್ಚಿಕೊಂಡೆ. ಬಹಳ ನಾಚಿಕೆಯಾಯಿತು.

ಸುತ್ತಿದ್ದೆನೋ ಇಲ್ಲವೋ ಎಂಬುದು ನನಗೆ ಈಗಲೂ ನೆನಪಾಗುತ್ತಿಲ್ಲ. ಆದರೆ ಮೂರು ಸುತ್ತು ಬಿದ್ದಿದ್ದರೆ ಹಗ್ಗ ಹಾಗೆ ಓಡುತ್ತಿರಲಿಲ್ಲ, ಓಡುವಾಗ ಅದು ನನ್ನ ಕೈಯಲ್ಲಿ ಇದ್ದಿದ್ದರೆ ಚರ್ಮ ಉಳಿಯುತ್ತಿರಲಿಲ್ಲ. ಆದ್ದರಿಂದ ಹುಲಿಗೇಶ ನನ್ನ ಪರವಾಗಿ ಹೇಳಿದ್ದನ್ನು ತೆಗೆದುಕೊಳ್ಳಬಾರದೆಂದೂ, ನನ್ನ ತಂಗಿಯ ದೂರು ಹಾಗೇ ಇರಲೆಂದೂ ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ನನಗೆ ತಿಳಿದಷ್ಟು ನಿಜವಿದೆ. ಸಹಿ ಮಾಡುವ ಮೊದಲು ಸಾಹೇಬರಿಗೆ ನನ್ನ ಎರಡೂ ಅಂಗೈ ತೋರಿಸಿದ್ದೇನೆ. ಒಂದು ಗೀರೂ ಇಲ್ಲ.

ಸ್ಥಳ: ಹನುಮಸಾಗರ
ದಿನಾಂಕ: 14.11.2024
(ಸಹಿ) ಕಲ್ಲೇಶ ಅಂದಪ್ಪ