ಕಿಟಕಿ ಗಾಜು ನಡುಗದ ಗೋಲು

ಈ ಸಂಜೆಯ ಸಭೆಯನ್ನು ನಡೆಸಿಕೊಡುತ್ತಿರುವ ಅಧ್ಯಕ್ಷ ರಾಂಡಲ್ ಅವರೇ, ಕ್ಲಬ್ಬಿನ ಕಡೆಯಿಂದ ಬಂದಿರುವ ಅತಿಥಿಗಳೇ, ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ಸಿಸ್ಟರ್ ಇಮೆಲ್ಡಾ ಅವರೇ, ಮತ್ತು ತಟ್ಟೆಯಲ್ಲಿರುವ ಮಾಂಸದ ಪೈ ತಣ್ಣಗಾಗುವ ಮೊದಲು ಈ ಭಾಷಣ ಮುಗಿಯಲಿ ಎಂದು ಬೇಡಿಕೊಳ್ಳುತ್ತಿರುವ ಕ್ರೋಬೆಕ್ ರೋವರ್ಸ್ ಅಭಿಮಾನಿ ಸಂಘದ ಸಭಿಕರೇ,

ಬರುವ ಶನಿವಾರ ನಮ್ಮ ಮೈದಾನದ ನಾಲ್ಕೂ ಗ್ಯಾಲರಿಗಳು ಪೂರ್ತಿಯಾಗಿ ತೆರೆಯುತ್ತವೆ. ಕುರ್ಚಿ ಬಿಟ್ಟು ಕುರ್ಚಿ ಕೂರುವ ನಿಯಮ ಇರುವುದಿಲ್ಲ. ಇದನ್ನು ಇವತ್ತು ಬೆಳಗ್ಗೆ ವರದಿ ಮಾಡಿದವರು ನಮ್ಮ ಊರಿನ ಪತ್ರಿಕೆಯ ಗ್ರಾಂಟ್ ಹೇಗ್. ಅವರಿಗೆ ಹೇಳಿದವರು ಕ್ಲಬ್ಬಿನ ಕಾರ್ಯದರ್ಶಿ. ನನಗೆ ನಂಬಿಕೆ ಬರಲಿಲ್ಲ, ಕಾರ್ಯದರ್ಶಿಗೇ ಫೋನ್ ಮಾಡಿದೆ. "ನಿಜ ಗ್ಲೆನಿಸ್, ನಿಜ. ಬೆಳಗ್ಗೆಯಿಂದ ಅರ್ಧ ಊರಿಗೆ ಇದನ್ನೇ ಹೇಳ್ತಿದೀನಿ, ಟೀ ಕುಡಿಯೋಕೆ ಬಿಡಿ" ಅಂದರು. ಆದ್ದರಿಂದ ಸುದ್ದಿ ನಿಜ.

ನನ್ನ ತಮ್ಮ ನೆವಿಲ್ ಪಿಲ್ಲಿಂಗ್‌ನನ್ನು ವರ್ಷದ ಅಭಿಮಾನಿ ಎಂದು ಗೌರವಿಸಿದ್ದೀರಿ. ಮೊದಲ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದಾನೆ. ಇಲ್ಲಿ ನಿಂತು ಮಾತಾಡಬೇಕಾದವನು ಅವನೇ. ಆದರೆ ಅವನ ಉಸಿರು ನಾಲ್ಕು ವಾಕ್ಯಕ್ಕೆ ಸಾಕಾಗುತ್ತದೆ, ಅವನ ಬಳಿ ಹೇಳುವುದಕ್ಕೆ ನಲವತ್ತು ಇರುತ್ತವೆ. ಹಾಗಾಗಿ ಉಳಿದದ್ದು ನನ್ನ ಪಾಲಿಗೆ ಬಂದಿದೆ.

ನಮ್ಮ ಮನೆ ಪೂರ್ವ ಗ್ಯಾಲರಿಯ ಹಿಂದಿನ ಬೀದಿಯಲ್ಲಿದೆ ಎಂಬುದು ನಿಮಗೆ ಗೊತ್ತು. ನಮ್ಮ ತಾಯಿ ಒಂದು ದಿನವೂ ಮೈದಾನದೊಳಗೆ ಕಾಲಿಟ್ಟವರಲ್ಲ. ಆದರೆ ಆಟ ಮುಗಿಸಿ ನಾವು ಬಾಗಿಲು ತೆಗೆಯುವಷ್ಟರಲ್ಲಿ ಫಲಿತಾಂಶ ಅವರಿಗೆ ಗೊತ್ತಿರುತ್ತಿತ್ತು. ಹೇಗೆ? ಅಡುಗೆಮನೆಯ ಕಿಟಕಿಯಿಂದ. ರೋವರ್ಸ್ ಗೋಲು ಹೊಡೆದರೆ ಜನರ ಕೂಗಿಗೆ ಗಾಜು ಗಡಗಡ ನಡುಗುತ್ತದೆ. ಎದುರಾಳಿ ಹೊಡೆದರೆ ಕೂಗು ದೂರದಿಂದ ಬರುತ್ತದೆ, ಗಾಜು ಅಲ್ಲಾಡುವುದಿಲ್ಲ. ರೇಡಿಯೋ ತಪ್ಪು ಹೇಳಬಹುದು, ಪತ್ರಿಕೆ ತಪ್ಪು ಬರೆಯಬಹುದು, ಗ್ರಾಂಟ್ ಕ್ಷಮಿಸಲಿ, ಗಾಜು ತಪ್ಪು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇದು ಧರ್ಮದಂತೆ ನಡೆದುಬಂದ ಮಾತು.

ಇನ್ನೊಂದು ಪದ್ಧತಿ ನೆವಿಲ್‌ನದು. ಅವನು ಪೆನಾಲ್ಟಿ ನೋಡುವುದಿಲ್ಲ. ಹುಡುಗನಾಗಿದ್ದಾಗಿನಿಂದ ನೋಡಿಲ್ಲ. ರೆಫರಿ ಪೆನಾಲ್ಟಿ ಚುಕ್ಕೆಯತ್ತ ಕೈ ತೋರಿಸಿದ ಕೂಡಲೇ ಮೈದಾನಕ್ಕೆ ಬೆನ್ನು ಹಾಕಿ ಹಿಂದಿನ ಸಾಲಿನವರ ಮುಖ ನೋಡುತ್ತಾ ನಿಲ್ಲುತ್ತಾನೆ. ಗೋಲಾದರೆ ನಾನು ಅವನ ಬೆನ್ನಿಗೆ ಗುದ್ದಬೇಕು. ಆಗದಿದ್ದರೆ ಸುಮ್ಮನೆ ಕೈ ಇಡಬೇಕು. ನಮ್ಮ ತಂಡದ ಚರಿತ್ರೆಯನ್ನು ನೆನೆದರೆ, ಗುದ್ದಿದ್ದಕ್ಕಿಂತ ಕೈ ಇಟ್ಟದ್ದೇ ಹೆಚ್ಚು.

ಕಳೆದ ವರ್ಷ ಮಾರ್ಚಿನಲ್ಲಿ ಕೊರೋನಾ ಬಂದು ಲೀಗ್ ನಿಂತಿತು. ಕೆಳದರ್ಜೆಗೆ ಜಾರುವ ಮೂರು ತಂಡಗಳಲ್ಲಿ ನಾವೂ ಇದ್ದೆವು. ಏಪ್ರಿಲ್‌ನಲ್ಲಿ ನೆವಿಲ್‌ಗೆ ಜ್ವರ ಬಂತು. ಆಂಬುಲೆನ್ಸ್ ಬಾಗಿಲು ಮುಚ್ಚುವಾಗ ಅವನು ನನಗೆ ಹೇಳಿದ್ದು, "ನನ್ನ ಸೀಟಲ್ಲಿ ಯಾರನ್ನೂ ಕೂರಿಸ್ಬೇಡ." ಆಮೇಲೆ ವಾರಗಟ್ಟಲೆ ಅವನ ಉಸಿರಾಟವನ್ನು ಯಂತ್ರ ನೋಡಿಕೊಂಡಿತು. ಒಳಗೆ ಹೋಗುವಂತಿರಲಿಲ್ಲ. ದಿನವೂ ಸಿಸ್ಟರ್ ಇಮೆಲ್ಡಾ ಫೋನ್ ಮಾಡುತ್ತಿದ್ದರು. ಫೋನ್ ಗಂಟೆ ಹೊಡೆದಾಗಲೆಲ್ಲ ನಾನು ಮೊದಲು ಕುರ್ಚಿ ಹುಡುಕಿ ಕೂತು ಆಮೇಲೆ ಎತ್ತುತ್ತಿದ್ದೆ.

ಮೇ ತಿಂಗಳ ಒಂದು ಬೆಳಗ್ಗೆ ಅವರು ಹೇಳಿದರು. "ಎದ್ದಿದ್ದಾರೆ. ಗಂಟಲಲ್ಲಿ ನಳಿಕೆ ಇದೆ, ಮಾತಾಡೋಕಾಗಲ್ಲ. ಹಲಗೆ ಕೊಟ್ರೆ 'ರೋವರ್ಸ್ ಉಳೀತಾ?' ಅಂತ ಬರೆದ್ರು. ರೋವರ್ಸ್ ಅಂದ್ರೆ ಯಾರು, ನಿಮ್ಮ ಮನೆಯವರಾ?"

"ಹೆಚ್ಚು ಕಡಿಮೆ ಹಾಗೇ" ಅಂದೆ.

"ಏನು ಹೇಳ್ಲಿ?"

"ಇನ್ನೂ ಆಟ ಮುಗಿದಿಲ್ಲ ಅಂತ ಹೇಳಿ."

ಅದು ನಿಜವಾಗಿತ್ತು. ಆ ಮಾತನ್ನು ಅವರು ದಿನವೂ ಅವನ ಕಿವಿಯಲ್ಲಿ ಹೇಳಿದರಂತೆ.

ಸಭಿಕರೇ, ಜೂನ್‌ನಲ್ಲಿ ಲೀಗ್ ಮತ್ತೆ ಶುರುವಾಗುತ್ತದೆ ಎಂದಾಗ ಬೇಡ ಎಂದು ಕೂಗಿದವರಲ್ಲಿ ನಾನೇ ಮುಂದೆ ಇದ್ದೆ. ಆಟಗಾರರಿಗೆ ವಾರಕ್ಕೆರಡು ಸಲ ಕೊರೋನಾ ಪರೀಕ್ಷೆಯಂತೆ. ನನ್ನ ತಮ್ಮನ ಮೈ ಒರೆಸುವವರಿಗೆ ಏಕಿಲ್ಲ? ಹೂಳುವ ಜಾಗಕ್ಕೆ ಹತ್ತು ಜನ ಹೋಗುವಂತಿಲ್ಲ, ಚೆಂಡಿನ ಹಿಂದೆ ಇಪ್ಪತ್ತೆರಡು ಜನ ಓಡಬಹುದೇ? ತಾಯಿಯ ಕಾಲದ ಬಿಳಿ ಹೊದಿಕೆಯ ಮೇಲೆ "ಮೊದಲು ಆಸ್ಪತ್ರೆ, ಆಮೇಲೆ ಆಟ" ಎಂದು ಬಣ್ಣದಲ್ಲಿ ಬರೆದು ಮೈದಾನದ ಗೇಟಿಗೆ ಕಟ್ಟಿದವಳು ನಾನೇ. ಅದನ್ನು ಬಿಚ್ಚಿಸಿದವರು ಈಗ ಈ ವೇದಿಕೆಯ ಮೇಲೇ ಇದ್ದಾರೆ. ಹೊದಿಕೆ ಒಗೆದು ಮಡಿಸಿ ವಾಪಸ್ ಕೊಟ್ಟಿದ್ದಕ್ಕೆ ಅವರಿಗೆ ವಂದನೆ.

ಆ ಹೊತ್ತಿಗೆ ನೆವಿಲ್‌ಗೆ ಪಿಸುಮಾತು ಬಂದಿತ್ತು. ಫೋನಿನಲ್ಲೇ ಜಗಳವಾಡಿದೆವು.

"ಜನ ಇಲ್ದೆ ಆಡೋದು ಒಂದು ಆಟಾನಾ?" ಅಂದೆ.

ಅವನು ಹೇಳಿದ, "ನನ್ನ ವಾರ್ಡಿಗೂ ಯಾರೂ ಬರಂಗಿಲ್ಲ ಗ್ಲೆನ್. ಹಂಗಂತ ನಾನು ಬದುಕ್ತಿಲ್ವೇನೇ?"

ಇದಕ್ಕೆ ಉತ್ತರ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ಪೈ ತಿನ್ನುವಾಗ ಹೇಳಿ. ನಾನು ಫೋನ್ ಇಟ್ಟು ಪಾತ್ರೆ ತೊಳೆದೆ. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಆದರೂ ಹಟ ಬಿಡಲಿಲ್ಲ. ನೋಡುವುದಿಲ್ಲ ಎಂದಿದ್ದೆ, ನೋಡಲಿಲ್ಲ. ಟಿವಿಗೆ ಟವೆಲ್ ಹೊದಿಸಿದ್ದೆ. ಆದರೆ ಆಟದ ಹೊತ್ತಿಗೆ ಸರಿಯಾಗಿ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುವ ಕೆಲಸ ಹೇಗೋ ಬಂದುಬಿಡುತ್ತಿತ್ತು. ಖಾಲಿ ಮೈದಾನದಿಂದ ಏನೇನು ಕೇಳಿಸುತ್ತದೆ ಗೊತ್ತೇ? ಬೂಟಿಗೆ ಚೆಂಡು ತಾಗುವ ಸದ್ದು. ರೆಫರಿಯ ಸೀಟಿ. ನಮ್ಮ ಗೋಲ್‌ಕೀಪರ್ ತನ್ನದೇ ರಕ್ಷಕರಿಗೆ ಬಯ್ಯುವ ಬೈಗುಳ. ಇಷ್ಟು ವರ್ಷ ನಾವೆಲ್ಲ ಸೇರಿ ಆ ಬೈಗುಳವನ್ನು ಮುಚ್ಚಿಡುತ್ತಿದ್ದೆವು ಎಂದು ನನಗೆ ಗೊತ್ತೇ ಇರಲಿಲ್ಲ.

ಜುಲೈನಲ್ಲಿ ಕೊನೆಯ ಆಟ, ನಮ್ಮ ಮೈದಾನದಲ್ಲೇ. ಗೆದ್ದರೆ ಉಳಿಯುತ್ತೇವೆ, ಸಮವಾದರೂ ಜಾರುತ್ತೇವೆ. ವಾರ್ಡಿನಲ್ಲಿ ಸಿಸ್ಟರ್ ಇಮೆಲ್ಡಾ ತಮ್ಮ ಟ್ಯಾಬ್ಲೆಟ್ಟನ್ನು ನೆವಿಲ್ ಹಾಸಿಗೆಯ ಮುಂದೆ ನಿಲ್ಲಿಸಿಕೊಟ್ಟಿದ್ದರು. ಕೊನೆಯ ನಿಮಿಷಗಳು, ಒಂದು-ಒಂದು ಸಮ. ನಾನು ಹಿತ್ತಲಲ್ಲಿದ್ದೆ. ಉದ್ದನೆಯ ಸೀಟಿ ಕೇಳಿತು, ಗಲಾಟೆ ಕೇಳಿತು, "ಪೆನಾಲ್ಟಿ! ಪೆನಾಲ್ಟಿ!" ಎಂದು ಯಾರೋ ಕಿರುಚಿದರು. ಇಂಟರ್ನೆಟ್ಟಿನ ಚಿತ್ರ ಮೈದಾನಕ್ಕಿಂತ ಹಿಂದೆ ಇರುತ್ತದಲ್ಲ, ಆಸ್ಪತ್ರೆಯಲ್ಲಿ ಆ ಸೀಟಿ ಇನ್ನೂ ಕೇಳಿರಲಿಲ್ಲ. ಫೋನ್ ಮಾಡಿದೆ.

"ಲೋ ನೆವ್, ಪೆನಾಲ್ಟಿ. ನಮಗೇ."

"ಸಿಸ್ಟರ್, ನನ್ನ ಆ ಕಡೆ ಹೊರಳಿಸಿ" ಅಂದಿದ್ದು ಕೇಳಿತು. ಗೋಡೆಯ ಕಡೆಗೆ.

"ನಿಂಗೆ ಗುದ್ದೋಕಾಗಲ್ಲ. ಬಾಯಲ್ಲೇ ಹೇಳು" ಅಂದ.

ನಾನು ಅಡುಗೆಮನೆಯ ಕಿಟಕಿಯ ಮುಂದೆ ನಿಂತೆ. ಕಾಲು ಚೆಂಡಿಗೆ ತಾಗಿದ ಸದ್ದು ಬಂತು. ಗಂಡಸರ ಕೂಗು ಬಂತು, ಯಾರದೆಂದು ತಿಳಿಯಲಿಲ್ಲ. ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದೆ. ಗಾಜು ನಡುಗಲಿಲ್ಲ. ಸ್ವಲ್ಪವೂ ನಡುಗಲಿಲ್ಲ.

"ಹೋಯ್ತು ಕಣೋ" ಅಂದೆ.

ಅವನು ತಡಮಾಡದೆ ಹೇಳಿದ, "ಅಳ್ಬೇಡ್ವೇ. ಮುಂದಿನ ವರ್ಷ ಮತ್ತೆ ಮೇಲೆ ಬರೋಣ."

ಮುಂದಿನ ವರ್ಷ. ಏಪ್ರಿಲ್‌ನಿಂದ ಆ ಎರಡು ಪದಗಳನ್ನು ನಮ್ಮಿಬ್ಬರಲ್ಲಿ ಯಾರೂ ಬಾಯಿಗೆ ತಂದಿರಲಿಲ್ಲ.

ಹೋದದ್ದು ಹೋಯಿತು, ಇನ್ನೇನು ಭಯ ಎಂದು ಅವನು ಹೊರಳಿ ಟ್ಯಾಬ್ಲೆಟ್ ನೋಡಿದ್ದಾನೆ. ಅಲ್ಲಿ ನಮ್ಮ ಹುಡುಗ ಆಗಷ್ಟೇ ಚೆಂಡನ್ನು ಚುಕ್ಕೆಯ ಮೇಲೆ ಇಡುತ್ತಿದ್ದ. ನನ್ನ ತಮ್ಮ ಜೀವನದಲ್ಲೇ ಮೊದಲ ಬಾರಿಗೆ, ನೆಮ್ಮದಿಯಾಗಿ, ಕಣ್ಣು ತೆರೆದು ಒಂದು ಪೆನಾಲ್ಟಿ ನೋಡಿದ. ಚೆಂಡು ಬಲೆಯ ಮೂಲೆಗೆ ಹೋಯಿತು.

ಫೋನಿನಲ್ಲಿ ಮೊದಲು ಕೆಮ್ಮು ಬಂತು. ಆಮೇಲೆ ಪಿಸುಮಾತಲ್ಲ, ಅವನ ಹಳೆಯ ದನಿಯೇ ಬಂತು. "ಗೋಲು ಕಣೇ ಕತ್ತೆ! ಗೋಲು!" ಹಿಂದೆಯೇ ಸಿಸ್ಟರ್ ಇಮೆಲ್ಡಾ, "ಕೂಗಬೇಡಿ ಪಿಲ್ಲಿಂಗ್ ಅವರೇ, ಆಕ್ಸಿಜನ್ ನೋಡಿ" ಎಂದು ಬಯ್ಯುತ್ತಲೇ ತಾವೂ ಕೂಗುತ್ತಿದ್ದರು.

ಅವತ್ತು ನನಗೆ ಅರ್ಥವಾಯಿತು. ತಾಯಿಯ ಗಾಜು ಅಷ್ಟು ವರ್ಷ ಹೇಳುತ್ತಿದ್ದದ್ದು ಗೋಲಿನ ಸುದ್ದಿಯನ್ನಲ್ಲ, ನಿಮ್ಮ ಸುದ್ದಿಯನ್ನು. ಆ ಸಂಜೆ ನೀವು ಯಾರೂ ಅಲ್ಲಿರಲಿಲ್ಲ. ಆದರೂ ಗೋಲು ಗೋಲೇ. ಅವರು ಮತ್ತೆ ಆಡಲು ಶುರುಮಾಡಿದ್ದು ಸರಿಯೋ ತಪ್ಪೋ ಎಂದು ಈಗಲೂ ನನ್ನನ್ನು ಕೇಳಬೇಡಿ. ಹೊದಿಕೆಯ ಮೇಲಿನ ಅಕ್ಷರ ಒಗೆದರೂ ಪೂರ್ತಿ ಹೋಗಿಲ್ಲ. ಅದನ್ನೇ ಹೊದ್ದು ಮಲಗುತ್ತೇನೆ, ನಿದ್ದೆ ಚೆನ್ನಾಗಿಯೇ ಬರುತ್ತದೆ.

ಕ್ಲಬ್ಬಿನವರು ನೆವಿಲ್‌ಗೆ ಮೆಟ್ಟಿಲಿಲ್ಲದ ಕಡೆ, ಕೆಳಗಿನ ಸಾಲಿನಲ್ಲಿ ಸೀಟು ಕೊಡುತ್ತೇವೆ ಎಂದರು. ವಂದನೆಗಳೊಂದಿಗೆ ಬೇಡ ಎಂದಿದ್ದಾನೆ. ಈ ಬೇಸಿಗೆಯೆಲ್ಲ ನಮ್ಮ ಮನೆಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಅಭ್ಯಾಸ ಮಾಡಿದ್ದಾನೆ. ನಿನ್ನೆ ಕೇಳಿದೆ, "ಶನಿವಾರ ಪೆನಾಲ್ಟಿ ಸಿಕ್ರೆ ನೋಡ್ತೀಯಾ?"

"ಇಲ್ಲಪ್ಪ. ನೀನು ಪಕ್ಕದಲ್ಲಿರ್ತೀಯಲ್ಲ, ಗುದ್ದು."

ಈ ಗೌರವಕ್ಕಾಗಿ ಸಂಘಕ್ಕೆ, ಅವನನ್ನು ನಮಗೆ ವಾಪಸ್ ಕೊಟ್ಟದ್ದಕ್ಕಾಗಿ ಸಿಸ್ಟರ್ ಇಮೆಲ್ಡಾ ಮತ್ತು ಅವರ ಜೊತೆಯವರಿಗೆ, ಇಷ್ಟು ಹೊತ್ತು ಫೋರ್ಕ್ ಕೆಳಗಿಟ್ಟು ಕೇಳಿದ ನಿಮಗೆ ನಮ್ಮಿಬ್ಬರ ಧನ್ಯವಾದ. ನಿಮ್ಮೆಲ್ಲರಿಗೂ ನಮಸ್ಕಾರ.

ಶನಿವಾರ ಗೇಟು ಒಂದೂವರೆಗೆ ತೆರೆಯುತ್ತದೆ. ಆಟ ಮೂರಕ್ಕೆ.